ಕ್ಲಾಟ್ ಬರೆಯಲು ದಿನಕ್ಕೆ ಒಂದೂವರೆ ಗಂಟೆ ಸಾಕು

ಕಾನೂನು ಓದಬೇಕು ಅಂತ ಆಸೆ ಇದೆ, ತಯಾರಿಗೆ ಸಮಯ ಇಲ್ಲ. ಇಂಥ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಅಪ್ಪ ಅಮ್ಮಂದಿರೂ ಓದಿದರೆ ಒಳ್ಳೆಯದು.

ನಾನು ಬೆಂಗಳೂರಿನಲ್ಲಿ ವಕೀಲೆ. ಕೋರ್ಟ್ ರಜೆ ಇದ್ದಾಗ ನಮ್ಮ ವಿಜಯನಗರ, ನಾಗರಬಾವಿ ಕಡೆಯ ಕೆಲವು ಪಿಯು ಮಕ್ಕಳ ಜೊತೆ ಕೂತು ಕ್ಲಾಟ್ ಪೇಪರ್ ಬಿಡಿಸುತ್ತೇನೆ. ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಬೆಳಿಗ್ಗೆ ಅವರಿಗೆ ಕಾಲೇಜು. ಆಮೇಲೆ ಟ್ಯೂಷನ್, ಇಲ್ಲವೇ ಅಪ್ಪನ ಅಂಗಡಿ. ನಡುವೆ ಬಿಎಂಟಿಸಿ ಬಸ್ಸಿನಲ್ಲಿ ಹೋಗುವ ಸಮಯ ಬೇರೆ. ರಾತ್ರಿ ಊಟ ಆದ ಮೇಲೆ ಉಳಿಯುವುದು ಒಂದೂವರೆ ಗಂಟೆ. ಕೆಲವರಿಗೆ ಅದೂ ಇಲ್ಲ. ಇವರಲ್ಲೊಬ್ಬ ಹುಡುಗಿ ಒಂದು ಕೋಚಿಂಗ್ ಸೆಂಟರ್‌ಗೆ ವಿಚಾರಿಸಲು ಹೋಗಿದ್ದಳು. "ದಿನಕ್ಕೆ ಆರು ಗಂಟೆ ಓದೋಕಾಗದಿದ್ರೆ ಇದರ ಆಸೆ ಬಿಟ್ಬಿಡಮ್ಮ" ಎಂದು ಹೇಳಿ ಕಳಿಸಿದರಂತೆ. ಅವಳು ಅದನ್ನು ನಂಬಿಯೂ ಬಿಟ್ಟಿದ್ದಳು. ನನಗೆ ತುಂಬಾ ಕೋಪ ಬಂತು. ಯಾಕೆಂದರೆ ಆ ಮಾತು ಸುಳ್ಳು.

ಯಾಕೆ ಸುಳ್ಳು ಅಂತ ತಿಳಿಯಲು ಪರೀಕ್ಷೆ ಹೇಗಿದೆ ಅಂತ ನೋಡಬೇಕು. ಪಿಯು ಮುಗಿಸಿ ಐದು ವರ್ಷದ ಕಾನೂನು ಕೋರ್ಸಿಗೆ ಸೇರುವವರ ಕ್ಲಾಟ್‌ನಲ್ಲಿ 120 ಪ್ರಶ್ನೆ, 120 ನಿಮಿಷ. ಮೊದಲು 150 ಪ್ರಶ್ನೆ ಇತ್ತು, 2023ರ ಡಿಸೆಂಬರ್ ಪರೀಕ್ಷೆಯಿಂದ ಕಡಿಮೆ ಮಾಡಿದರು. ಇಂಗ್ಲಿಷ್, ಕರೆಂಟ್ ಅಫೇರ್ಸ್, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಸ್ವಲ್ಪ ಗಣಿತ. ಎಲ್ಲವೂ ಪ್ಯಾಸೇಜ್ ಮೇಲೆಯೇ. ಒಂದು ಪ್ಯಾಸೇಜ್ 450 ಪದದವರೆಗೂ ಇರಬಹುದು. ಓದು, ಅದರ ಕೆಳಗಿನ ನಾಲ್ಕೈದು ಪ್ರಶ್ನೆಗೆ ಉತ್ತರ ಗುರುತಿಸು, ಮುಂದಿನದಕ್ಕೆ ಹೋಗು. ಎರಡು ಗಂಟೆ ಇದೇ ಕೆಲಸ.

ಅಂದರೆ ಇದು ಬಾಯಿಪಾಠದ ಪರೀಕ್ಷೆ ಅಲ್ಲ. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆ. ಬಾಯಿಪಾಠಕ್ಕಾದರೆ ಗಂಟೆಗಟ್ಟಲೆ ಕೂರಬೇಕು, ನಿಜ. ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ದಿನವೂ ಸ್ವಲ್ಪ ಸ್ವಲ್ಪ ಮಾಡಿದರೇ ಬರುವುದು. ಭಾನುವಾರ ಎಂಟು ಗಂಟೆ ಓದಿ ಉಳಿದ ದಿನ ಪುಸ್ತಕ ಮುಟ್ಟದವರಿಗಿಂತ, ದಿನಾ ಒಂದು ಗಂಟೆ ಗಮನವಿಟ್ಟು ಓದಿದವರು ಮುಂದೆ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಲೀಗಲ್ ರೀಸನಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಕ್ಕಳು ಸಮಯ ಕಳೆದುಕೊಳ್ಳುವುದು ಇಲ್ಲೇ. ಇದರಲ್ಲಿ 28ರಿಂದ 32 ಪ್ರಶ್ನೆ ಬರುತ್ತವೆ. ಹೆಸರು ಕೇಳಿದ ಕೂಡಲೇ ಸಂವಿಧಾನ, ಕಾಂಟ್ರಾಕ್ಟ್, ಟಾರ್ಟ್ ಅಂತ ದಪ್ಪ ಪುಸ್ತಕ ತಂದು ಕೂರುತ್ತಾರೆ. ಬೇಕಾಗಿಲ್ಲ. ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ. ಆ ನಿಯಮವನ್ನು ಹೊಸ ಸಂದರ್ಭಕ್ಕೆ ಹಚ್ಚಿ ನೋಡುವುದಷ್ಟೇ ನಮ್ಮ ಕೆಲಸ.

ನಾನು ಮಕ್ಕಳಿಗೆ ಕೊಡುವ ಒಂದು ಪ್ರಶ್ನೆ ನೋಡಿ. ಅಂಗಡಿಯಲ್ಲಿ ಬೆಲೆ ಚೀಟಿ ಹಚ್ಚಿ ಸಾಮಾನು ಇಟ್ಟರೆ ಅದು ಮಾರುವ ಪ್ರಸ್ತಾಪ ಅಲ್ಲ, ಗಿರಾಕಿಗೆ ಬರೀ ಆಹ್ವಾನ. ಪ್ರಸ್ತಾಪ ಮಾಡುವವನು ಗಿರಾಕಿ. ಒಪ್ಪುವುದು ಬಿಡುವುದು ಅಂಗಡಿಯವನಿಗೆ ಬಿಟ್ಟದ್ದು. ಇಷ್ಟು ಪ್ಯಾಸೇಜಿನಲ್ಲಿದೆ ಅಂದುಕೊಳ್ಳಿ. ಈಗ ಪ್ರಶ್ನೆ. ಚಿಕ್ಕಪೇಟೆಯ ಅಂಗಡಿಯ ಗಾಜಿನೊಳಗೆ ಒಂದು ಸೀರೆ, ಚೀಟಿಯಲ್ಲಿ 900 ರೂಪಾಯಿ. ಗಿರಾಕಿ ಒಳಗೆ ಹೋಗಿ 900 ಕೊಡುತ್ತಾಳೆ. ಮಾಲೀಕ, "ಚೀಟಿ ತಪ್ಪಾಗಿದೆ, ಬೆಲೆ 1,900" ಎನ್ನುತ್ತಾನೆ. ಒಪ್ಪಂದ ಆಯಿತೇ? ಹೆಚ್ಚಿನ ಮಕ್ಕಳು "ಆಯಿತು, ಚೀಟಿ ಹಾಕಿದ ಮೇಲೆ ಕೊಡಲೇಬೇಕು, ಇಲ್ಲಾಂದ್ರೆ ಅನ್ಯಾಯ ಅಲ್ವಾ?" ಎನ್ನುತ್ತಾರೆ. ಅವರ ನ್ಯಾಯಬುದ್ಧಿ ನನಗೆ ಇಷ್ಟವೇ. ಆದರೆ ಪ್ಯಾಸೇಜ್ ಪ್ರಕಾರ ಒಪ್ಪಂದ ಆಗಿಲ್ಲ. ಮಾಲೀಕ ಪ್ರಸ್ತಾಪವನ್ನು ಒಪ್ಪಿಲ್ಲ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಅದನ್ನು ಮಾಡುವವರು ಜಾಸ್ತಿ ಓದಿಕೊಂಡವರು. ಇಂಗ್ಲೆಂಡಿನಲ್ಲಿ 1868ರಲ್ಲಿ ತೀರ್ಪಾದ ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್ ಎಂಬ ಕೇಸ್ ಇದೆ. ತನ್ನ ಜಾಗದಲ್ಲಿ ಅಪಾಯಕಾರಿ ವಸ್ತು ತಂದಿಟ್ಟವನು, ಅದು ಹೊರಗೆ ಹೋಗಿ ನಷ್ಟ ಮಾಡಿದರೆ ಹೊಣೆ ಹೊರಬೇಕು. ಆದರೆ ಈ ನಿಯಮಕ್ಕೆ ವಿನಾಯಿತಿಗಳಿವೆ. ಮೂರನೆಯವನು ಬಂದು ಅನಾಹುತ ಮಾಡಿದರೆ ಮಾಲೀಕ ತಪ್ಪಿಸಿಕೊಳ್ಳಬಹುದು. 1985ರಲ್ಲಿ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿತು. ಆ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವರಿಗೆ ಈ ವಿನಾಯಿತಿಗಳು ಸಿಗುವುದಿಲ್ಲ ಎಂದಿತು. ನೋಟ್ಸ್ ಓದಿದ ಹುಡುಗನಿಗೆ ಇದೆಲ್ಲ ಗೊತ್ತು. ಪ್ಯಾಸೇಜಿನಲ್ಲಿ ಹಳೆಯ ನಿಯಮ, ಅದರ ವಿನಾಯಿತಿಗಳನ್ನು ಮಾತ್ರ ಕೊಟ್ಟಿದ್ದರೂ ಅವನು ಸುಪ್ರೀಂ ಕೋರ್ಟ್ ತೀರ್ಪನ್ನು ನೆನೆಸಿಕೊಂಡು ಉತ್ತರ ಗುರುತಿಸುತ್ತಾನೆ. ಅಂಕ ಹೋಯಿತು. ತಿಂಗಳುಗಟ್ಟಲೆ ಕಷ್ಟಪಟ್ಟು ಕಲಿತದ್ದೇ ಅವನಿಗೆ ಅಡ್ಡ ಬಂತು. ಸಮಯ ಕಡಿಮೆ ಇರುವವರಿಗೆ ಇದಕ್ಕಿಂತ ಧೈರ್ಯದ ಸುದ್ದಿ ಬೇರೆ ಬೇಕೇ?

ಈಗ ಆ ಒಂದೂವರೆ ಗಂಟೆಯಲ್ಲಿ ಏನು ಮಾಡಬೇಕು ಅಂತ ಕೇಳುತ್ತೀರಿ.

ಅರ್ಧ ಗಂಟೆ ಪತ್ರಿಕೆ ಓದಿ. ಅದಕ್ಕೆ ಕನ್ನಡದ ಮಕ್ಕಳಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೆಯ ದಾರಿ ಇದೆ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯ ಪತ್ರಿಕೆಗಳು. ಎರಡೂ 1948ರಲ್ಲಿ ಶುರುವಾದವು. ದೊಡ್ಡ ಸುದ್ದಿಗಳು ಎರಡರಲ್ಲೂ ಬರುತ್ತವೆ. ಮೊದಲು ಕನ್ನಡದಲ್ಲಿ ಓದಿ. ವಿಷಯ ತಲೆಗೆ ಹತ್ತಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದಿ. ಗೊತ್ತಿರುವ ವಿಷಯ ಆದ್ದರಿಂದ ಕಷ್ಟದ ಪದಗಳ ಅರ್ಥ ತಾನಾಗಿ ಹೊಳೆಯುತ್ತದೆ. ಕರೆಂಟ್ ಅಫೇರ್ಸ್, ಇಂಗ್ಲಿಷ್ ಎರಡೂ ಒಂದೇ ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಮನೆಗೆ ಎರಡು ಪತ್ರಿಕೆ ತರಿಸುವುದು ಹೊರೆ ಅನ್ನಿಸಿದರೆ ಹಂಪಿನಗರದ ಗ್ರಂಥಾಲಯಕ್ಕೆ ಹೋಗಿ. ಅಲ್ಲಿ ಓದುತ್ತಾ ಕೂತವರನ್ನು ನೋಡಿದರೆ ನಮಗೂ ಹುರುಪು ಬರುತ್ತದೆ.

ಉಳಿದ ಒಂದು ಗಂಟೆಯಲ್ಲಿ ಎರಡು ಅಥವಾ ಮೂರು ಪ್ಯಾಸೇಜ್ ಬಿಡಿಸಿ. ಅದಕ್ಕಿಂತ ಜಾಸ್ತಿ ಬೇಡ. ಬಿಡಿಸಲು ಇಪ್ಪತ್ತೈದು ನಿಮಿಷ ಸಾಕು. ಮಿಕ್ಕ ಸಮಯವೆಲ್ಲ ತಪ್ಪು ನೋಡುವುದಕ್ಕೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ. ವಾಕ್ಯವನ್ನೇ ತಪ್ಪು ಓದಿದೆನೇ? ಪ್ಯಾಸೇಜಿನಲ್ಲಿ ಇಲ್ಲದ್ದನ್ನು ನನ್ನ ತಲೆಯಿಂದ ತಂದೆನೇ? ಎರಡು ಉತ್ತರದ ನಡುವೆ ಒದ್ದಾಡಿ ಅವಸರದಲ್ಲಿ ಒಂದನ್ನು ಗುರುತಿಸಿದೆನೇ? ಕೆಲವು ವಾರ ಹೀಗೆ ಬರೆದರೆ ನಿಮ್ಮ ತಪ್ಪಿನ ಜಾಡು ಕಾಣಿಸುತ್ತದೆ. ಒಬ್ಬ ಹುಡುಗ 'ಅನ್‌ಲೆಸ್', 'ಎಕ್ಸೆಪ್ಟ್' ಬಂದ ಕಡೆಯೆಲ್ಲ ಜಾರುತ್ತಿದ್ದ. ಆ ಪದಗಳಿಗೆ ಪೆನ್ಸಿಲ್ ಸುತ್ತು ಹಾಕುವ ಅಭ್ಯಾಸ ಮಾಡಿಕೊಂಡ. ಅವನ ಅರ್ಧ ಸಮಸ್ಯೆ ಅಷ್ಟಕ್ಕೇ ಮುಗಿಯಿತು. ಹತ್ತು ಮಾಕ್ ಟೆಸ್ಟ್ ಬರೆದು ತಪ್ಪು ನೋಡದೆ ಎಸೆಯುವುದಕ್ಕಿಂತ ಒಂದು ಪೇಪರನ್ನು ಹೀಗೆ ಜಾಲಾಡುವುದು ಮೇಲು. ಹಳೆಯ ಪ್ರಶ್ನೆಪತ್ರಿಕೆಗಳು ಕ್ಲಾಟ್ ನಡೆಸುವ ಕನ್ಸೋರ್ಟಿಯಂ ಎಂಬ ಒಕ್ಕೂಟದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು ಅವನ್ನು ಮುಗಿಸಿ. ದುಡ್ಡು ಕೊಟ್ಟು ಸಾವಿರ ಪುಟದ ಮೆಟೀರಿಯಲ್ ತರುವ ಯೋಚನೆ ಆಮೇಲೆ.

ಬಸ್ಸಿನ ಸಮಯ ವ್ಯರ್ಥ ಅಂತ ಕೊರಗಬೇಡಿ. ಮೆಟ್ರೋದಲ್ಲಾದರೆ ಓದಬಹುದು. ತುಂಬಿದ ಬಸ್ಸಿನಲ್ಲಿ ನಿಂತು ಓದಲು ಆಗುವುದಿಲ್ಲ. ಆಗ ಹಿಂದಿನ ರಾತ್ರಿ ಓದಿದ ಪ್ಯಾಸೇಜನ್ನು ನೆನಪು ಮಾಡಿಕೊಳ್ಳಿ. ಬರೆದವರು ಏನು ಹೇಳಿದರು, ಯಾಕೆ ಹೇಳಿದರು, ಅದಕ್ಕೆ ಎದುರು ವಾದ ಏನಿರಬಹುದು. ಲಾಜಿಕಲ್ ರೀಸನಿಂಗ್ ಕೇಳುವುದೂ ಇದನ್ನೇ.

ಗಣಿತಕ್ಕೆ ಹೆದರುವವರು ಬಹಳ. ಬರುವುದು 10ರಿಂದ 14 ಪ್ರಶ್ನೆ, ಎಸ್ಸೆಸ್ಸೆಲ್ಸಿ ಮಟ್ಟದ್ದು. ಶೇಕಡಾ, ಅನುಪಾತ, ಸರಾಸರಿ ಗಟ್ಟಿ ಮಾಡಿಕೊಳ್ಳಿ. ವಾರಕ್ಕೆ ಎರಡು ದಿನ ಸಾಕು.

ನೆಗೆಟಿವ್ ಮಾರ್ಕಿಂಗ್ ಬಗ್ಗೆಯೂ ಸುಮ್ನೆ ಭಯ ಹಬ್ಬಿಸಿದ್ದಾರೆ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ನೀವೇ ಲೆಕ್ಕ ಹಾಕಿ. 16 ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಗುರುತಿಸಿದರೆ ಸರಾಸರಿ 4 ಸರಿ, 12 ತಪ್ಪು. 12 ತಪ್ಪಿಗೆ 3 ಅಂಕ ಹೋದರೂ 1 ಅಂಕ ಉಳಿಯುತ್ತದೆ. ಪ್ರತಿ ಪ್ರಶ್ನೆಯಲ್ಲೂ ಎರಡು ಆಯ್ಕೆ ತಪ್ಪು ಅಂತ ಗೊತ್ತಾದರೆ 8 ಸರಿ, 8 ತಪ್ಪು. 6 ಅಂಕ ಲಾಭ. ಓದಿದ ಪ್ಯಾಸೇಜಿನಲ್ಲಿ ಎರಡು ಆಯ್ಕೆ ತೆಗೆದುಹಾಕಿದ ಮೇಲೆ ಖಾಲಿ ಬಿಡಬೇಡಿ. ಆದರೆ ಅದರ ಮೇಲೆ ಮೂರು ನಿಮಿಷ ಕೂರಲೂ ಬೇಡಿ.

ಭಾಷೆಯ ಮಾತಿಗೆ ಬರುತ್ತೇನೆ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕ್ಲಾಟ್ ಮಾತ್ರ ಇಂಗ್ಲಿಷಿನಲ್ಲಿದೆ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಅಂತ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು, ಬಾರ್ ಕೌನ್ಸಿಲ್ ಕೂಡ 2023ರಲ್ಲಿ ಅದಕ್ಕೆ ಬೆಂಬಲ ಹೇಳಿತು. ನನ್ನ ಅಭಿಪ್ರಾಯ ಸ್ಪಷ್ಟ. ಇದು ಓದಿ ಯೋಚಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆ. ಆ ಶಕ್ತಿ ಒಬ್ಬ ಹುಡುಗಿಗೆ ಕನ್ನಡದಲ್ಲಿ ಇದ್ದರೆ ಅದನ್ನು ಕನ್ನಡದಲ್ಲೇ ಅಳೆಯಬೇಕು. ನಮ್ಮ ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರು ಕನ್ನಡದಲ್ಲಿ ಹೇಳುತ್ತಾರೆ. ಆ ಮಾತಿನ ಒಳದನಿ ಅರ್ಥವಾಗುವ ವಕೀಲರು ಬೇಕು. ಕನ್ನಡ ಮಾಧ್ಯಮದ ಮಕ್ಕಳನ್ನು ಬಾಗಿಲಲ್ಲೇ ತಡೆದರೆ ನಷ್ಟ ಅವರಿಗೊಬ್ಬರಿಗೇ ಅಲ್ಲ, ಕೋರ್ಟಿಗೂ ನಷ್ಟ. ಆದರೆ ನಿಯಮ ಬದಲಾಗುವವರೆಗೆ ಈ ವರ್ಷದ ಮಕ್ಕಳು ಕಾಯಲು ಆಗುವುದಿಲ್ಲ. ಅದಕ್ಕೇ ಎರಡು ಪತ್ರಿಕೆಯ ಆ ದಾರಿಯನ್ನು ಅಷ್ಟು ಒತ್ತಿ ಹೇಳಿದ್ದು.

ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲದ ಇನ್ನೊಂದು ವಿಷಯ ಇದೆ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಇದೆ. ರಾಜ್ಯದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಆ ಕ್ಯಾಂಪಸ್ಸಿನ ಗೇಟಿನ ಮುಂದೆ ದಿನಾ ಓಡಾಡುವ ಹುಡುಗನೊಬ್ಬ ನನ್ನನ್ನು "ಅದು ನಮ್ಮಂಥವರಿಗಾ ಮೇಡಂ?" ಎಂದು ಕೇಳಿದ್ದ. ಹೌದಪ್ಪ, ನಿಮ್ಮಂಥವರಿಗೇ. ಅರ್ಜಿ ತುಂಬುವಾಗ ಆ ಕಾಲಂ ನೋಡದೆ ಬಿಡಬೇಡಿ. ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಎಸ್‌ಸಿ, ಎಸ್‌ಟಿ, ಬಿಪಿಎಲ್ ಮಕ್ಕಳಿಗೆ 3,500. ಒಂದು ಪರೀಕ್ಷೆಗೆ ಇದು ಜಾಸ್ತಿಯೇ, ಇಳಿಸಬೇಕು. ಬಡ ಮಕ್ಕಳಿಗೆ ತರಬೇತಿ ಕೊಡಲು ಇದೇ ಲಾ ಸ್ಕೂಲಿನಲ್ಲಿ ಓದಿದ ಶಮ್ನಾದ್ ಬಷೀರ್ 2010ರಲ್ಲಿ ಐಡಿಐಎ ಎಂಬ ಸಂಸ್ಥೆ ಶುರು ಮಾಡಿದರು. ಬಷೀರ್ 2019ರಲ್ಲಿ ತೀರಿಕೊಂಡರು. ದುಡ್ಡಿನ ತೊಂದರೆ ಇರುವವರು ಆ ಸಂಸ್ಥೆಯನ್ನು ವಿಚಾರಿಸಿ ನೋಡಿ.

ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುತ್ತಿರುವವರೂ ನನ್ನನ್ನು ಕೇಳುತ್ತಾರೆ. ಲಾ ಸ್ಕೂಲಿನ ಮೂರು ವರ್ಷದ ಎಲ್‌ಎಲ್‌ಬಿ 2022ರಲ್ಲಿ ಶುರುವಾಯಿತು. ಅದಕ್ಕೆ ಕ್ಲಾಟ್ ಅಲ್ಲ, ಎನ್‌ಎಲ್‌ಎಸ್‌ಎಟಿ ಎಂಬ ಬೇರೆ ಪರೀಕ್ಷೆ. ಅದರಲ್ಲಿ ಉತ್ತರ ಬರೆಯುವ ಭಾಗವೂ ಇದೆ. ಹಾಗಾಗಿ ವಾರಕ್ಕೊಂದು ಪುಟವಾದರೂ ಕೈಯಲ್ಲಿ ಬರೆದು ಅಭ್ಯಾಸ ಮಾಡಿ. ಇವು ಯಾವುದೂ ಆಗಲಿಲ್ಲ ಅಂದರೆ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಅಲ್ಲಿ ಓದಿ ಬಂದವರು ನಮ್ಮ ಕೋರ್ಟುಗಳ ತುಂಬ ಇದ್ದಾರೆ, ತಲೆ ಎತ್ತಿ ವಾದ ಮಾಡುತ್ತಿದ್ದಾರೆ.

ಪರೀಕ್ಷೆ ಈಚಿನ ವರ್ಷಗಳಲ್ಲಿ ಡಿಸೆಂಬರ್ ಮೊದಲ ಭಾನುವಾರ ನಡೆಯುತ್ತಿದೆ, ಮಧ್ಯಾಹ್ನ 2ರಿಂದ 4. ಊಟ ಆಗಿ ಕಣ್ಣು ಎಳೆಯುವ ಹೊತ್ತು. ಅದಕ್ಕೆ ನವೆಂಬರ್‌ನಲ್ಲಿ ಮಾಕ್ ಟೆಸ್ಟ್‌ಗಳನ್ನು ಭಾನುವಾರ ಅದೇ ಹೊತ್ತಿಗೆ, ಕಾಗದ ಪೆನ್ನು ಹಿಡಿದು ಬರೆಯಿರಿ. ಫೋನಿನಲ್ಲಿ ಬೇಡ. ಕೊನೆಯ ಎರಡು ವಾರ ಹೊಸ ಪುಸ್ತಕ ಏನೂ ತೆರೆಯಬೇಡಿ, ತಪ್ಪಿನ ನೋಟ್‌ಬುಕ್ ಒಂದನ್ನೇ ತಿರುವಿಹಾಕಿ. ಮನೆಯವರು ಆ ಎರಡು ವಾರ ಅಂಗಡಿ ಕೆಲಸದಿಂದ ಬಿಡುವು ಕೊಟ್ಟರೆ ಉಪಕಾರ. ಪರೀಕ್ಷೆ ಹೇಗೇ ಆಗಿರಲಿ, ಮರುದಿನ ಸೋಮವಾರದಿಂದ ಪಿಯು ಪುಸ್ತಕ ಹಿಡಿಯಿರಿ. ಬೋರ್ಡ್ ಪರೀಕ್ಷೆಗೆ ಇನ್ನೂ ಎರಡು ತಿಂಗಳ ಮೇಲೆ ಸಮಯ ಇರುತ್ತದೆ.