ಸೂಪರ್‌ಹೀರೋ ಅಣಕ: ನಗಿಸಿದರೆ ಸಾಕೇ, ಬದುಕಿನ ಅರ್ಥವನ್ನೂ ಕೇಳಬೇಕೇ?

ಸೂಪರ್‌ಹೀರೋ ಅಣಕದಲ್ಲಿ ಬದುಕಿನ ಅರ್ಥದ ಪ್ರಶ್ನೆ ಇರಬೇಕೇ ಎಂದು ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಇಲ್ಲಿ ವಾದಿಸಿದ್ದಾರೆ. ಇಬ್ಬರ ಮುಂದೆಯೂ ಇಟ್ಟದ್ದು ಒಂದೇ ಕಥೆ. ನಾಲ್ಕು ನಿಮಿಷದ ಅನಿಮೇಷನ್. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಗೆ ಕೆಂಪು ಹೊದಿಕೆಯ ಸೂಪರ್‌ಹೀರೋ ಹಾರಿಬಂದು ಇಳಿಯುತ್ತಾನೆ. ಬೀಳುವ ವಿಮಾನ ಹಿಡಿಯಬಲ್ಲ, ಹರಾಜಿನಲ್ಲಿ ಬೀಳುವ ಬೆಲೆ ಹಿಡಿಯಲಾರ. 15 ಕೆ.ಜಿ. ಬಾಕ್ಸುಗಳನ್ನು ಲಾರಿಗೆ ಏರಿಸಿಕೊಟ್ಟು, ಕೊನೆಗೆ ಅಂತರಗಂಗೆ ಬೆಟ್ಟದ ಬಂಡೆ ಮೇಲೆ ಕೂತು ‘ನಾನ್ಯಾಕಿದ್ದೀನಿ?’ ಅನ್ನುತ್ತಾನೆ. ಆ ಬೆಟ್ಟದ ಭಾಗ ಬೇಕೇ, ಬೇಡವೇ?

ಪರ

ಸೂಪರ್‌ಹೀರೋ ಕಥೆಯ ಯಂತ್ರ ಬಹಳ ಸರಳ. 1938ರಲ್ಲಿ ಸೂಪರ್‌ಮ್ಯಾನ್ ಅಚ್ಚಾದಂದಿನಿಂದ ಹೆಚ್ಚೇನೂ ಬದಲಾಗಿಲ್ಲ: ಎಲ್ಲೋ ಅಪಾಯ, ಯಾರದೋ ಕೂಗು, ಇವನು ಬಂದ, ಉಳಿಸಿದ. ಇವನ ಬಾಳಿಗೆ ಅರ್ಥ ಬರುವುದು ತೋಳ್ಬಲದಿಂದಲ್ಲ, ಆ ಕೂಗಿನಿಂದ. ಅಣಕ ಮಾಡುವವರು ಒಂದೇ ಒಂದು ಮೊಳೆ ಕಿತ್ತರೆ ಸಾಕು. ಕೂಗೇ ಇಲ್ಲ, ಅಥವಾ ಕೂಗಿಗೂ ಇವನ ಶಕ್ತಿಗೂ ಸಂಬಂಧವಿಲ್ಲ. ಆಗ ನಗುವೂ ಪ್ರಶ್ನೆಯೂ ಒಟ್ಟಿಗೇ ಬರುತ್ತವೆ. ಬೇರ್ಪಡಿಸಲು ಹೋದರೆ ಎರಡೂ ಕೆಡುತ್ತವೆ.

ಇದೇನು ಹೊರಗಿನಿಂದ ತಂದ ತತ್ವವಲ್ಲ. ತುಮಕೂರು ಕಡೆಯ ಮೂಡಲಪಾಯ ಬಯಲಾಟ ನೋಡಿದವರಿಗೆ ಗೊತ್ತು: ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಂಗ ನಡುಗಿಸುತ್ತ ಬಂದ ರಾಜನನ್ನು ಸಾರಥಿ ತಡೆದು, ತಾವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಎಂಥ ರಾಜನಾದರೂ ಉತ್ತರ ಕೊಡಲೇಬೇಕು. ಮಂಡಿಯಲ್ಲಿ ಈ ಕೆಲಸವನ್ನು ಹಮಾಲಿಗೆ ಕೊಡಿ. “ಯಾರಪ್ಪ ನೀನು? ಏನ್ ಕೆಲ್ಸ ಇಲ್ಲಿ?” ಹೀರೋ ಬಾಯಿ ತೆರೆಯುತ್ತಾನೆ, ಮಾತು ಹೊರಡುವುದಿಲ್ಲ. “ಸುಮ್ನೆ ನಿಂತಿರೋ ಬದ್ಲು ಈ ಕಡೆ ಒಂದು ಕೈ ಹಾಕು.”

ಈ ಮೌನವನ್ನು ತೋರಿಸಲು ಅನಿಮೇಷನ್ನಿನಲ್ಲಿ ಅದರದೇ ಸಾಧನವಿದೆ: ಲೂಪ್. ಹೊದಿಕೆ ಗಾಳಿಗೆ ಹಾರಲು ಎಂಟು ಚಿತ್ರ ಸಾಕು. ಒಂದೊಂದನ್ನು ಎರಡು ಫ್ರೇಮ್ ಹಿಡಿದರೆ 16 ಫ್ರೇಮ್, ಸೆಕೆಂಡಿಗೆ 24ರ ಲೆಕ್ಕದಲ್ಲಿ ಮುಕ್ಕಾಲು ಸೆಕೆಂಡಿಗೂ ಕಡಿಮೆ. ಅದನ್ನೇ ಸುತ್ತಿಸುತ್ತಿರಿ. ಹಮಾಲಿಯ ಪ್ರಶ್ನೆ ಮುಗಿದ ಮೇಲೆ ಹೀರೋನ ಮೈಯನ್ನು 36 ಫ್ರೇಮ್ ಅಲ್ಲಾಡದಂತೆ ನಿಲ್ಲಿಸಿ. ಹೊದಿಕೆ ಮಾತ್ರ ಠೀವಿಯಿಂದ ಹಾರುತ್ತಲೇ ಇರಲಿ, ನಡುವೆ ಒಮ್ಮೆ ಕಣ್ಣು ಮಿಟುಕಲಿ. 12 ಫ್ರೇಮ್ ಕೊಟ್ಟರೆ ಬರೀ ತಡವರಿಕೆ ಅನಿಸುತ್ತದೆ. ಹೊದಿಕೆಯನ್ನೂ ನಿಲ್ಲಿಸಿಬಿಟ್ಟರೆ ವಿಡಿಯೋ ಸಿಕ್ಕಿಕೊಂಡಿತೆಂದು ನೋಡುವವರು ಮೊಬೈಲ್ ತಟ್ಟುತ್ತಾರೆ. ಜೀವವಿರುವುದು ಯಂತ್ರದಂತೆ ನಡೆದುಕೊಂಡಾಗ ನಗು ಹುಟ್ಟುತ್ತದೆಂದು ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್ 1900ರಲ್ಲಿ ಬರೆದ. ಗ್ರೀಕ್ ಪುರಾಣದಲ್ಲಿ ಬಂಡೆ ಉರುಳಿಸುತ್ತಲೇ ಇರುವ ಸಿಸಿಫಸ್‌ನನ್ನು ಫ್ರೆಂಚ್ ಲೇಖಕ ಕಮೂ ಬದುಕಿನ ಅರ್ಥ ಕೇಳಲು 1942ರಲ್ಲಿ ಕೈಗೆತ್ತಿಕೊಂಡ. ಈ ಒಂದೂವರೆ ಸೆಕೆಂಡಿನಲ್ಲಿ ಇಬ್ಬರಿಗೂ ಜಾಗವಿದೆ.

ಬೆಟ್ಟದ ದೃಶ್ಯವೂ ಇರಲಿ, ಸೂರ್ಯಾಸ್ತ ಮಾತ್ರ ಬೇಡ. ಅಂತರಗಂಗೆಯಲ್ಲಿ ಕೋತಿಗಳಿಗೇನು ಬರವೇ? ‘ನಾನ್ಯಾಕೆ…’ ಎನ್ನುವಷ್ಟರಲ್ಲಿ ಒಂದು ಬಂದು ಹೊದಿಕೆ ಕಿತ್ತುಕೊಂಡು ಓಡಲಿ. ಪ್ರಶ್ನೆ ಪೂರ್ತಿಯಾಗದಿದ್ದರೂ ಕೇಳಬೇಕಾದವರಿಗೆ ಕೇಳಿಸಿರುತ್ತದೆ.

ವಿರೋಧ

ಲೆಕ್ಕದಿಂದಲೇ ಶುರು ಮಾಡೋಣ. ನಾಲ್ಕು ನಿಮಿಷವೆಂದರೆ 240 ಸೆಕೆಂಡ್, 5760 ಫ್ರೇಮ್. ಎರಡು ಫ್ರೇಮಿಗೊಂದು ಚಿತ್ರವೆಂದರೂ 2880 ಚಿತ್ರ. ಶೀರ್ಷಿಕೆಗೂ ಕೊನೆಯ ಹೆಸರುಗಳಿಗೂ 30 ಸೆಕೆಂಡ್ ಹೋದರೆ ಉಳಿದದ್ದು 210. ಅದರಲ್ಲಿ 40 ಸೆಕೆಂಡ್ ಬೆಟ್ಟಕ್ಕೆ ಹೋದರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹೋಯಿತು. ಅಷ್ಟು ಹೊತ್ತು ಹೀರೋ ಕೂತಿರುತ್ತಾನೆ. ಒಂದು ಹಿನ್ನೆಲೆ, ಒಂದು ಲೂಪ್, ಕೈಗೆ ಕೆಲಸ ಕಡಿಮೆ. ಕಿರುಚಿತ್ರ ಮಾಡುವವರಿಗೆ ಇಂಥ ತಾತ್ವಿಕ ಮುಕ್ತಾಯದ ಮೇಲೆ ಇಷ್ಟು ಪ್ರೀತಿ ಯಾಕೆಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ ಎಂಬುದು ನನ್ನ ಗುಮಾನಿ.

ಹಾಸ್ಯಕ್ಕೆ ಮೂರು ಹೆಜ್ಜೆ. ವಿಮಾನ ಹಿಡಿದ, ಉರುಳುವ ಲಾರಿ ಹಿಡಿದ, ಬೆಲೆ ಹಿಡಿಯಲು ಕೈ ಚಾಚಿದ. ಮುಷ್ಟಿ ಬಿಚ್ಚಿದರೆ ಬರಿಗೈ. ಅಲ್ಲಿಗೆ ಮುಗಿಯಿತು. ಆಮೇಲೆ ಕೊಳಲು, ಕಿತ್ತಳೆ ಆಕಾಶ, ಭಾರವಾದ ದನಿ ಬಂದರೆ ಇಷ್ಟು ಹೊತ್ತು ನಗಿಸಿದ್ದೆಲ್ಲ ಈ ಪ್ರವಚನಕ್ಕೆ ಪೀಠಿಕೆ ಎಂಬ ಗುಟ್ಟು ಬಯಲಾಗುತ್ತದೆ. ಕೋತಿ ತಂದರೂ ಅಷ್ಟೇ: ಅದು ಪ್ರವಚನಕ್ಕೆ ಕ್ಷಮೆ ಕೇಳಿದಂತೆ. ಅನುಮಾನವಿದ್ದರೆ ಬಣ್ಣ ತುಂಬುವ ಮೊದಲು ಸ್ಟೋರಿಬೋರ್ಡಿನ ಚಿತ್ರಗಳನ್ನು ತಾತ್ಕಾಲಿಕ ದನಿಯೊಂದಿಗೆ ಜೋಡಿಸಿ ಅನಿಮ್ಯಾಟಿಕ್ ಮಾಡಿ, ಕಥೆ ಗೊತ್ತಿಲ್ಲದ ನಾಲ್ಕು ಜನಕ್ಕೆ ತೋರಿಸಿ. ತೆರೆ ನೋಡಬೇಡಿ, ಅವರನ್ನು ನೋಡಿ. ಮಂಡಿಯಲ್ಲಿ ಮುಂದಕ್ಕೆ ಬಾಗಿದ್ದವರು ಬೆಟ್ಟದಲ್ಲಿ ಹಿಂದಕ್ಕೆ ಒರಗಿದರೆ ಕತ್ತರಿ ಬೀಳಬೇಕಾದ ಜಾಗ ಅದೇ. ಬಣ್ಣ, ಡಬ್ಬಿಂಗ್ ಎಲ್ಲ ಮುಗಿದ ಮೇಲೆ ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಸಾರಥಿಯ ಬಗ್ಗೆ ತಕರಾರಿಲ್ಲ. ಆದರೆ ಅವನು ಕೇಳುವುದು ಪ್ರವೇಶದಲ್ಲಿ; ಆಮೇಲೆ ಕಥೆ ನಡೆಯುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಟೊಮೆಟೊ ಬೆಲೆ ಬೀಳುವುದು ಲೋಕಕ್ಕೆ ಅರ್ಥವಿಲ್ಲದ್ದರಿಂದಲ್ಲ. ಎಲ್ಲರ ತೋಟವೂ ಒಂದೇ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ಹಣ್ಣಾದದ್ದು ಕೆಲವೇ ದಿನದಲ್ಲಿ ಮೆತ್ತಗಾಗುತ್ತದೆ, ಹೊರರಾಜ್ಯದ ಖರೀದಿ ತಗ್ಗಿದರೆ ಇಟ್ಟುಕೊಂಡು ಕಾಯಲು ರೈತನಿಗೆ ಜಾಗವಿಲ್ಲ. ಕೊಯ್ಲಿನ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಕೈಗೇನೂ ಉಳಿಯದ ದಿನ ರಸ್ತೆ ಬದಿ ಸುರಿದು ಹೋಗುತ್ತಾನೆ. ಇವಕ್ಕೆಲ್ಲ ಕಾರಣಗಳಿವೆ, ಕೆಲವಕ್ಕೆ ಹೊಣೆಗಾರರೂ ಇದ್ದಾರೆ. ಹೀರೋನನ್ನು ಬೆಟ್ಟಕ್ಕೆ ಕಳಿಸಿ ‘ಬದುಕೇ ಇಷ್ಟು’ ಅನ್ನಿಸಿದರೆ ಆ ಹೊಣೆಗಾರರೂ ನಮ್ಮ ಪಕ್ಕದಲ್ಲೇ ಕೂತು ನಿಟ್ಟುಸಿರು ಬಿಟ್ಟು ಎದ್ದುಹೋಗಬಹುದು.

ಆ 40 ಸೆಕೆಂಡ್ ಮಂಡಿಗೇ ಕೊಡಿ. ದಿನವಿಡೀ ಬಾಕ್ಸ್ ಹೊತ್ತವನಿಗೆ ಗುಮಾಸ್ತ ಚೀಟಿ ಬರೆದುಕೊಡಲಿ: ಕಮಿಷನ್, ಇಳಿಯುವಾಗ ಜಜ್ಜಿದ ಎರಡು ಬಾಕ್ಸ್, ಇಳಿದ ಜಾಗದ ಪಾರ್ಕಿಂಗ್. ಎಲ್ಲ ಕಳೆದು ಹೀರೋನೇ 40 ರೂಪಾಯಿ ಬಾಕಿ. ಚೀಟಿಯನ್ನು ಓದಲು 96 ಫ್ರೇಮ್ ಬಿಡಿ, ಅಕ್ಷರ ಮೊಬೈಲಿನಲ್ಲಿ ಕಾಣುವಷ್ಟು ದಪ್ಪ ಇರಲಿ, ಆ ನಾಲ್ಕು ಸೆಕೆಂಡ್ ಹಿನ್ನೆಲೆಯಲ್ಲಿ ಹರಾಜಿನ ಕೂಗು ಬಿಟ್ಟು ಬೇರೆ ಸಂಗೀತ ಹಾಕಬೇಡಿ.