ಟೆಕ್ಸಾಸ್ ಬಿಯರಿಗೆ ಕಲಬುರಗಿಯ ಟೈಮ್ ಕೀಪರ್

ಬಿಯರ್ ತಯಾರಿಸುವ ಕೆಲಸದಲ್ಲಿ ಒಂದು ಮೂಲಭೂತ ದೋಷವಿದೆ. ಬುದ್ಧಿ ಬೇಡದ ಕೆಲಸವೆಲ್ಲ ಮೊದಲು ಬರುತ್ತದೆ, ಬುದ್ಧಿ ಬೇಕಾದದ್ದೆಲ್ಲ ಕೊನೆಗೆ. ನೀರು ಕಾಯಿಸುವುದು, ಧಾನ್ಯ ಸುರಿಯುವುದು, ಸುಮ್ಮನೆ ಕೂಡುವುದು, ಇವು ಮೊದಲು. ಕುದಿದದ್ದನ್ನು ಬೇಗ ಆರಿಸುವುದು, ಕೊಳವೆ ಜೋಡಿಸುವುದು, ನಲ್ಲಿ ಬಂದ್ ಇದೆಯೋ ಇಲ್ಲವೋ ನೋಡುವುದು, ಅಳತೆ ತೆಗೆದು ಬರೆದಿಡುವುದು, ಸಕ್ಕರೆಯನ್ನು ಆಲ್ಕೊಹಾಲು ಮಾಡುವ ಯೀಸ್ಟನ್ನು ನೆನಪಿನಿಂದ ಹಾಕುವುದು, ಇವು ಐದಾರು ತಾಸಿನ ನಂತರ. ಅಷ್ಟೊತ್ತಿಗೆ ಮಾಡುವವನ ಹೊಟ್ಟೆಯಲ್ಲಿ ಹೋದ ತಿಂಗಳ ಬಿಯರು ತುಂಬಿರುತ್ತದೆ.

ಇದನ್ನು ನಾನು ಅಧಿಕಾರದಿಂದಲೇ ಹೇಳುತ್ತೇನೆ. ಹಾಗಂತ ನಾನು ಬಿಯರ್ ಮಾಡಿದವನಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಅಂಥದ್ದಕ್ಕೆ ಕೈಹಾಕಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಮನೆ ಬಾಗಿಲಿಗೆ ಬರುತ್ತದೆ. ಮಾಡುವವನು ನಮ್ಮ ಕಾಕಾನ ಮಗ. ಇರುವುದು ಟೆಕ್ಸಾಸ್‌ನಲ್ಲಿ. ನಾನು ಕಲಬುರಗಿಯಲ್ಲಿ, ನಮ್ಮ ಮಾಳಿಗೆಯ ಮೇಲೆ ಕೂತು, ವಿಡಿಯೋ ಕಾಲಿನಲ್ಲಿ ಅವನ ಟೈಮ್ ಕೀಪರ್.

ಅಲ್ಲಿ ಇದಕ್ಕೆ ಪರವಾನಗಿ ಉಂಟು. 1978ರಲ್ಲಿ ಅವರ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ನಮ್ಮ ಲೆಕ್ಕದಲ್ಲಿ 750 ಲೀಟರಿಗೂ ಮೇಲೆ. ಇದನ್ನು ಕೇಳಿದ ಕಾಕಾ ಕನ್ನಡಕ ತೆಗೆದಿಟ್ಟರು.

"ಸರಕಾರದವ್ರೇ ಮನ್ಯಾಗ ಮಾಡ್ಕೋರಿ ಅಂತ ಬಿಟ್ಟಾರೇನು?"

"ಹೌದು ಕಾಕಾ. ಮಾರಂಗಿಲ್ಲ ಅಷ್ಟೇ."

"ಮಾರ್ಲಾಕ ಉಳದ್ರಲ್ಲ!"

ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ಸಂಜೆ ಆರೂವರೆ. ಶನಿವಾರ ಅವನು ಗ್ಯಾರೇಜಿನಲ್ಲಿ ದೊಡ್ಡ ಪಾತ್ರೆಯ ಕೆಳಗೆ ಗ್ಯಾಸ್ ಹಚ್ಚುತ್ತಿದ್ದ ಹಾಗೆ ನಾನು ಮಾಳಿಗೆಗೆ ಕುರ್ಚಿ ಒಯ್ಯುತ್ತಿದ್ದೆ. ಮೇ ತಿಂಗಳ ಕಲಬುರಗಿಯ ವಿಷಯ ನಿಮಗೆ ಹೇಳಬೇಕಿಲ್ಲ. ಹಗಲು 42, 43 ಡಿಗ್ರಿ ಕಾದ ಶಹಾಬಾದಿ ಫರಸಿ ರಾತ್ರಿ ಒಂಬತ್ತಾದರೂ ಅಂಗಾಲಿಗೆ ಬಿಸಿ ಕೊಡುತ್ತದೆ. ಅಂಗಡಿಯಿಂದ ತಣ್ಣಗೆ ತಂದ ಬಿಯರು ಲೋಟಕ್ಕೆ ಬಿದ್ದು ಹತ್ತು ನಿಮಿಷದಲ್ಲಿ ಕಷಾಯ. ಆದ್ದರಿಂದ ನಾನು ಬೇಗ ಬೇಗ ಕುಡಿಯುವುದು ಹವಾಮಾನದ ಒತ್ತಾಯಕ್ಕೆ, ಚಟಕ್ಕಲ್ಲ. ನಮ್ಮ ಮನೆಯವಳಿಗೂ ಇದನ್ನೇ ಹೇಳಿದ್ದೇನೆ. ಆಕೆ ಇನ್ನೂ ಉತ್ತರ ಕೊಟ್ಟಿಲ್ಲ.

ನನ್ನ ತಮ್ಮನೂ ಬೆಳಿಗ್ಗೆ ಎಂಟಕ್ಕೆ ಕುಡಿಯುವ ಪೈಕಿ ಅಲ್ಲ. ಆದರೆ ಸಂಸ್ಕಾರವಂತ.

"ಅಣ್ಣಾ, ನೀ ಒಬ್ನೇ ಕುಡಿಲಾಕತ್ತಿ, ನಾ ನೋಡ್ಕೋತ ಕೂಡೋದು ಛಲೋ ಅನ್ಸಂಗಿಲ್ಲ," ಎಂದು ಫ್ರಿಜ್ಜಿನಿಂದ ತಾನೇ ಮಾಡಿದ ಹಳೆಯ ಬಾಟಲಿ ತೆಗೆಯುತ್ತಾನೆ. ಹಿರಿಯರಿಗೆ ಇಷ್ಟು ಮರ್ಯಾದೆ ಕೊಡುವ ಹುಡುಗರು ಈಗ ಕಡಿಮೆ.

ಇನ್ನು ಕೆಲಸವೋ, ಮುಕ್ಕಾಲು ಪಾಲು ಕಾಯುವುದೇ. ನುಚ್ಚು ಮಾಡಿದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು, 65ರಿಂದ 68 ಡಿಗ್ರಿಯ ನೀರಿನಲ್ಲಿ ಒಂದು ತಾಸು ನೆನೆಸಬೇಕು. ಆಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಒಂದು ತಾಸು ಮನುಷ್ಯ ಏನು ಮಾಡಬೇಕು? ಆಮೇಲೆ ಆ ಸಿಹಿ ನೀರನ್ನು ಬಸಿದು ಮತ್ತೊಂದು ತಾಸು ಕುದಿಸಬೇಕು. ಆಗೇನು ಮಾಡಬೇಕು? ಅಂದು ಮಾಡಿದ್ದು ಬಾಟಲಿಯಿಂದ ಲೋಟಕ್ಕೆ ಬರಲು ಕಡಿಮೆಯೆಂದರೂ ಮೂರು ನಾಲ್ಕು ವಾರ ಬೇಕು. ಹಾಗಾಗಿ ಹೋದ ಸಲದ್ದನ್ನು ಕುಡಿಯುತ್ತ ಈ ಸಲದ್ದನ್ನು ಮಾಡುವುದು, ಹೋದ ಸಲದ್ದರ ತಪ್ಪನ್ನು ಈ ಸಲ ಇನ್ನಷ್ಟು ದೊಡ್ಡದಾಗಿ ಮಾಡುವುದು.

ಮೊದಲ ಅನಾಹುತ ಉಕ್ಕುವುದು. ಕುದಿ ಹತ್ತುವ ಹೊತ್ತಿಗೆ ಅದರಲ್ಲಿರುವ ಪ್ರೋಟೀನಿನಿಂದ ನೊರೆ ಏಳುತ್ತದೆ, ಒಲೆಯ ಮೇಲಿನ ಹಾಲಿನ ಹಾಗೆ ನೀವು ಬೆನ್ನು ತಿರುಗಿಸುವುದನ್ನೇ ಕಾಯುತ್ತದೆ. ಅವನು ಬೆನ್ನು ತಿರುಗಿಸಿದ್ದು ಬಾಟಲಿ ಓಪನರ್ ಹುಡುಕಲು. ಸಕ್ಕರೆಯ ನೀರು ಒಲೆಯ ಮೇಲೆ ಬಿದ್ದು ಕರಟಿ, ಗ್ಯಾರೇಜಿಗೆಲ್ಲ ಬೆಲ್ಲದ ಗಾಣದ ವಾಸನೆ ಬಂತಂತೆ. 25 ಲೀಟರ್ ಕುದಿಯುವ ನೀರಿನ ಪಕ್ಕ ಹವಾಯಿ ಚಪ್ಪಲಿಯಲ್ಲಿ ನಿಂತು ತೂರಾಡುವುದು ಮಾತ್ರ ನಗುವ ವಿಷಯವಲ್ಲ. ಅಂದು ಕಾಲ ಮೇಲೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈಗ ಅವನು ಬೂಟು ಹಾಕುತ್ತಾನೆ.

ನನ್ನ ಹುದ್ದೆಗೆ ಬರುತ್ತೇನೆ. ಕುದಿಯುವಾಗ ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕುತ್ತಾರೆ. ಒಂದು ಪಾಲು ಶುರುವಿಗೇ. ಪೂರ್ತಿ ಒಂದು ತಾಸು ಕುದ್ದರೇ ಅದರ ಕಹಿ ಬಿಡುವುದು. ಇನ್ನೊಂದು ಪಾಲು ಹದಿನೈದು ನಿಮಿಷ ಉಳಿದಾಗ, ಕಡೆಯದು ಒಲೆ ಆರಿಸುವಾಗ. ಪರಿಮಳ ಬರುವುದು ಈ ಕಡೆಯದರಿಂದ, ಹೆಚ್ಚು ಕುದಿಸಿದರೆ ಹಬೆಯೊಂದಿಗೆ ಹಾರಿಹೋಗುತ್ತದೆ. ಅವನು ಪಾತ್ರೆ ನೋಡಬೇಕು, ನಾನು ಗಡಿಯಾರ ನೋಡಿ ಕೂಗಬೇಕು. ಇಷ್ಟೇ ಒಪ್ಪಂದ. ಅಂದು ಮೊದಲ ಪಾಲು ಬಿತ್ತು, ಇಲ್ಲಿ ಕರೆಂಟು ಹೋಯಿತು. ವೈಫೈ ಸತ್ತಿತು, ಮೊಬೈಲಿನ ಡೇಟಾ ಆ ದಿನದ್ದು ಮುಗಿದಿತ್ತು. ಕತ್ತಲಲ್ಲಿ ಕೂತು ನಾನು ನನ್ನ ಕರ್ತವ್ಯವನ್ನು ಬಿಡದೆ ಮಾಡಿದೆ. ಹದಿನೈದು ನಿಮಿಷ ಉಳಿದಾಗ ಸರಿಯಾಗಿ "ಹಾಕು!" ಎಂದು ಕೂಗಿದೆ. ಪಕ್ಕದ ಮನೆಯವರು "ಏನ್ ಹಾಕ್ಬೇಕ್ರಿ?" ಎಂದು ಕೇಳಿದರು. ಟೆಕ್ಸಾಸಿನವನಿಗೆ ಕೇಳಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಎಣಿಸುವುದಕ್ಕೆ ಬೇಸರವಾಗಿ, ಮೂರೂ ಪಾಲನ್ನು ಒಟ್ಟಿಗೇ ಕುದಿಸಿಬಿಟ್ಟ. ಇದರಲ್ಲಿ ನನ್ನದೇನೂ ಇಲ್ಲ ಎಂಬುದನ್ನು ನಾನು ಆಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ದೀಪಾವಳಿಗೆ ಊರಿಗೆ ಬಂದಾಗ ಆ ಬಿಯರಿನ ಒಂದು ಬಾಟಲಿಯನ್ನು ಸೂಟ್‌ಕೇಸಿನಲ್ಲಿ ಟವಲು ಸುತ್ತಿ ತಂದಿದ್ದ. ಕಾಕಾ ಒಂದು ಗುಟುಕು ಕುಡಿದು ಬಹಳ ಹೊತ್ತು ಕಣ್ಣು ಮುಚ್ಚಿದರು.

"ಬೇವಿನ ತಪ್ಪಲ ಅರದ್ ಹಾಕೀಯೇನಪಾ? ಹೊಟ್ಯಾಗಿನ ಹುಳ ಎಲ್ಲಾ ಸತ್ತು ಹೋಗ್ತಾವ ನೋಡು."

ಆಮೇಲೆ ತಮ್ಮ ಕಾಲದ ಸೇಂದಿಯ ಪುರಾಣ ತೆಗೆದರು. ಈಚಲ ಗಿಡಕ್ಕೆ ಗಡಿಗೆ ಕಟ್ಟಿದರೆ ಮುಗಿಯಿತು. ಇಳಿಯುವ ರಸ ಗಾಳಿಯಲ್ಲಿನ ಯೀಸ್ಟಿನಿಂದ ತನ್ನಷ್ಟಕ್ಕೆ ಹುಳಿಯಾಗಿ ತಾಸುಗಳಲ್ಲೇ ತಯಾರು. ಥರ್ಮಾಮೀಟರಿಲ್ಲ, ಟೈಮ್ ಕೀಪರಿಲ್ಲ. "ಗಿಡಾನೇ ಮಾಡಿ ಕೊಡ್ತಿತ್ತು. ಇಳಸಾಂವ ಕುಡದಿದ್ರ ಬೀಳ್ತಿದ್ದ, ಅಷ್ಟೇ ತಾಪತ್ರಯ."

ಎಲ್ಲಕ್ಕಿಂತ ಘನವಾದದ್ದು ನಲ್ಲಿಯ ಪ್ರಕರಣ. ಬಿಯರು ಹುಳಿಯಲು ಇಡುವ ಡಬ್ಬಕ್ಕೆ ಕೆಳಗೊಂದು ನಲ್ಲಿ ಇರುತ್ತದೆ. ತೊಳೆದ ಮೇಲೆ ಅದನ್ನು ಬಂದ್ ಮಾಡಬೇಕು. ಅವನು ಮಾಡಿರಲಿಲ್ಲ. ಫೋನನ್ನು ಎದುರಿನ ಸ್ಟೂಲಿನ ಮೇಲೆ ಒರಗಿಸಿ ಇಟ್ಟಿದ್ದರಿಂದ ನನಗೆ ಕಾಣುತ್ತಿದ್ದುದು ಅವನ ಎದೆಯಿಂದ ಕೆಳಗಿನ ಭಾಗ. ಮೇಲಿನಿಂದ ಹೊಂಬಣ್ಣದ ನೀರು ಡಬ್ಬಕ್ಕೆ ಇಳಿಯುತ್ತಿದೆ, ಅವನು ಹಾಡು ಗುನುಗುತ್ತಿದ್ದಾನೆ, ಕೆಳಗಿನಿಂದ ಅದೇ ನೀರು ನಿಧಾನವಾಗಿ ಹೊರಟು ಚಪ್ಪಲಿಯ ಹೆಬ್ಬೆಟ್ಟನ್ನು ಸುತ್ತುವರಿದು ಬಾಗಿಲ ಕಡೆ ಸಾಗಿದೆ. ಐದಾರು ತಾಸಿನ ದುಡಿಮೆ.

"ನಳ! ನಳಾ ಬಂದ್ ಮಾಡೋ!" ಎಂದು ಕಿರುಚಿದೆ.

"ಹೌದಲ್ಲ!" ಎಂದವನೇ ಕೊಳವೆಯನ್ನು ಹಾಗೇ ಬಿಟ್ಟು ಒಳಗೆ ಓಡಿದ. ಅಡುಗೆಮನೆಯ ಸಿಂಕಿನ ನಳ ಬಂದ್ ಮಾಡಿ, ಮುಖ ತೊಳೆದುಕೊಂಡು, ಬಂದು ನಿಂತು, "ಅದು ಬಂದೇ ಇತ್ತಲ್ಲೋ ಅಣ್ಣಾ," ಎಂದ.

ಅವನು ಒಳಗೆ ಹೋದ ಆ ಒಂದು ನಿಮಿಷದಲ್ಲಿ ನಾನು ಸುಮ್ಮನೆ ಕೂಡಲಿಲ್ಲ. ಸಹಾಯ ಮಾಡಬೇಕೆಂಬ ತುಡಿತದಲ್ಲಿ ಫೋನು ಹಿಡಿದು ಎದ್ದು ಓಡಿದೆ. ಟೆಕ್ಸಾಸಿಗೆ ಯಾವ ಕಡೆಯಿಂದ ಓಡಬೇಕೆಂದುಕೊಂಡಿದ್ದೆನೋ, ಓಡಿದ್ದು ಅವ್ವ ಕುರುಡಗಿ ಒಣಹಾಕಿದ ಹಳೆ ಧೋತರದ ಮೇಲೆ. ಕಾಲು ಒಂದು ಕಡೆ, ಲೋಟ ಇನ್ನೊಂದು ಕಡೆ. ಲೋಟದಲ್ಲಿದ್ದದ್ದು ಧೋತರದ ತುಂಬ.

ಕುರುಡಗಿ ಅಂದರೆ ಗೋಧಿಹಾಲಿನ ಸಂಡಿಗೆ. ಮಾಡಿ ಗೊತ್ತಿದ್ದವರಿಗೆ ಈ ನಷ್ಟದ ಅಂದಾಜು ಆಗುತ್ತದೆ. ಗೋಧಿಯನ್ನು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ, ಅರೆದು, ಹಾಲು ಹಿಂಡಿ, ತಿಳಿನೀರು ಚೆಲ್ಲಿ, ದೊಡ್ಡ ಬೋಗುಣಿಯಲ್ಲಿ ಗಂಟಾಗದಂತೆ ತಿರುವಿ ಬೇಯಿಸಿ, ಬಿಸಿಯಿದ್ದಾಗಲೇ ಒತ್ತಿ, ಬಿಸಿಲಿಗೆ ಹಾಕಬೇಕು. ಧಾನ್ಯ, ನೀರು, ಬೆಂಕಿ, ಕಾಯುವಿಕೆ, ಎಲ್ಲ ಅವನ ಬಿಯರಿನದೇ ಸಾಮಾನು. ಅವ್ವ ಥರ್ಮಾಮೀಟರ್ ಇಟ್ಟಿಲ್ಲ, ಬೆರಳಿನ ತುದಿಗೆ ಅಂಟಿಸಿಕೊಂಡು ನೋಡುತ್ತಾಳೆ, ಒಮ್ಮೆಯೂ ಕೆಟ್ಟದ್ದಿಲ್ಲ. ಮಧ್ಯದಲ್ಲಿ ಆಕೆ ಕುಡಿಯುವುದು ಚಹಾ.

ಸಪ್ಪಳ ಕೇಳಿ ಮೇಲೆ ಬಂದ ಅವ್ವ, ಬ್ಯಾಟರಿಯ ಬೆಳಕು ಬಿಟ್ಟು, ಮೊದಲು ಕುರುಡಗಿ ನೋಡಿದಳು. ಆಮೇಲೆ ನನ್ನನ್ನು. ಆಮೇಲೆ ಬಗ್ಗಿ ಒಂದು ಎಳೆ ಎತ್ತಿ ಮೂಸಿದಳು.

"ದೊಡ್ಡಮ್ಮಾ, ಆರಾಮಿದ್ದೀರೇನ್ರಿ?" ಎಂದ ಫೋನಿನೊಳಗಿನವನು, ಪಾದದವರೆಗೆ ಬಿಯರಿನಲ್ಲಿ ನಿಂತು.

ಮೂಸುವ ಮಾತಿಗೆ, ಮೂಸದೇ ಕುಡಿದದ್ದು ಇನ್ನೊಂದು. ಬಿಯರಿನ ಪಾತ್ರೆಗಳಲ್ಲಿ ಹೊರಗಿನ ಸೂಕ್ಷ್ಮಜೀವಿ ಸೇರದಂತೆ ಅಯೋಡೊಫೋರ್ ಎಂಬ ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾರೆ. 19 ಲೀಟರ್ ನೀರಿಗೆ 15 ಮಿಲಿ ಸಾಕು. ಅಷ್ಟು ಬೆರೆಸಿದ ನೀರಿಗೆ ಬರುವ ಬಣ್ಣ ತೆಳು ಬಿಯರಿನದೇ. ಇದನ್ನು ಕಂಡುಹಿಡಿದವರಿಗೆ ಗ್ರಾಹಕರ ಸ್ಥಿತಿಯ ಬಗ್ಗೆ ಸ್ವಲ್ಪ ಯೋಚನೆ ಇರಬೇಕಿತ್ತು. ನೀಲಿಯೋ ಹಸಿರೋ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು? ತಮ್ಮ ಅದನ್ನು ಬಗ್ಗಿಸಿಕೊಂಡ ಲೋಟ ಬಲಕ್ಕಿತ್ತು, ಕುಡಿಯುವ ಲೋಟ ಎಡಕ್ಕೆ. ನಾನು "ಚಿಯರ್ಸ್" ಎಂದೆ. ಅವನು ನನ್ನ ಮುಖ ನೋಡುತ್ತಲೇ ಕೈ ಚಾಚಿದ, ನನ್ನ ಮುಖ ನೋಡುತ್ತಲೇ ಒಂದು ದೊಡ್ಡ ಗುಟುಕು ಎಳೆದ. ಹುಬ್ಬು ಮೇಲೇರಿದವು. ನುಂಗಲಿಲ್ಲ, ಉಗುಳಲಿಲ್ಲ, ಕೆನ್ನೆ ಉಬ್ಬಿಸಿಕೊಂಡು ಗ್ಯಾರೇಜಿನಲ್ಲಿ ಎರಡು ಸುತ್ತು ಹೊಡೆದ. ಹೆಂಡತಿ ಅಲ್ಲೇ ನಿಂತಿದ್ದಳು, ಕಾರಿನ ಹಿಂದಿನ ಹೂಕುಂಡ ಅವಳದ್ದು, ಎಲ್ಲಿ ಉಗುಳುವುದು? ಕೊನೆಗೆ ಹೂಕುಂಡಕ್ಕೇ ಆಯಿತು. ನಂತರ ಬಾಯಿ ತೊಳೆಯಲು ಎಡಗಡೆಯ ಲೋಟ ಕೆಲಸಕ್ಕೆ ಬಂತು.

ಸಣ್ಣಪುಟ್ಟವು ಲೆಕ್ಕಕ್ಕಿಲ್ಲ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿ ಉರುಳಿ ಬಿದ್ದು ಒಡೆಯುವುದು ಮಾಮೂಲಿ. ದುಂಡಗಿನದನ್ನು ಮೇಜಿನ ಮೇಲೆ ಇಟ್ಟರೆ ಅಮಲಿಲ್ಲದವನದೂ ಉರುಳುತ್ತದೆ. ಅದಿಲ್ಲದೆ ಬಿಯರಿನಲ್ಲಿ ಆಲ್ಕೊಹಾಲು ಎಷ್ಟೆಂಬ ಲೆಕ್ಕ ಸಿಗದು. ಶುರುವಿನಲ್ಲಿ 1.052, ಹುಳಿದ ಮೇಲೆ 1.012 ಬಂದರೆ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಶೇಕಡ ಐದರ ಸುಮಾರು. ಅವನ ನೋಟುಪುಸ್ತಕದಲ್ಲಿ ಶುರುವಿನ ಅಂಕಿಯ ಜಾಗದಲ್ಲಿ "ಮಸ್ತ್" ಎಂದು ಬರೆದಿತ್ತು. ಇನ್ನೊಮ್ಮೆ ಎರಡು ದಿನವಾದರೂ ಡಬ್ಬದಲ್ಲಿ ಗುಳ್ಳೆ ಏಳಲಿಲ್ಲ. ಯೀಸ್ಟು ಹಳೆಯದಿರಬೇಕೆಂದು ಮಾರಿದವರನ್ನು ಬೈದದ್ದಾಯಿತು. ಪೊಟ್ಟಣ ಸಿಕ್ಕಿದ್ದು ವಾಷಿಂಗ್ ಮಷೀನಿನಲ್ಲಿ, ಅಂಗಿಯ ಜೇಬಿನೊಳಗೆ, ಒಡೆಯದೇ.

ಬಾಟಲಿ ತುಂಬುವ ದಿನದ್ದು ಮಾತ್ರ ಹೇಳಲೇಬೇಕು. ಬಿಯರಿನಲ್ಲಿ ಗ್ಯಾಸು ಬರಲು ತುಂಬುವ ಮೊದಲು ಸ್ವಲ್ಪ ಸಕ್ಕರೆ ಬೆರೆಸುತ್ತಾರೆ. ಉಳಿದ ಯೀಸ್ಟು ಅದನ್ನು ತಿಂದು ಮುಚ್ಚಿದ ಬಾಟಲಿಯೊಳಗೆ ಗ್ಯಾಸು ಬಿಡುತ್ತದೆ. 19 ಲೀಟರಿಗೆ 115 ಗ್ರಾಂ ಸುಮಾರು. ಅವನು ಹಾಕಿದ. ನಂತರ ಒಂದು ಬಾಟಲಿ ರುಚಿ ನೋಡಿದ, ಇನ್ನೊಂದು ನೋಡಿದ. "ಅಣ್ಣಾ, ಸಕ್ಕರಿ ಹಾಕಿನೇನೋ?" ಎಂದು ಕೇಳಿದ. ಟೈಮ್ ಕೀಪರಿನ ಕೆಲಸ ಸಮಯ ನೋಡುವುದು, ಸಕ್ಕರೆ ನೋಡುವುದಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂದು, "ಇಲ್ಲ ಅನಸ್ತದ," ಎಂದೆ.

ಎರಡನೇ ವಾರ ನಡುರಾತ್ರಿ ಗ್ಯಾರೇಜಿನಲ್ಲಿ ಮೊದಲ ಬಾಟಲಿ ಸಿಡಿಯಿತು. ಅದರ ಹಿಂದೆ ಅದರ ಅಕ್ಕಪಕ್ಕದವು. ಟೆಕ್ಸಾಸಿನಲ್ಲಿ ರಾತ್ರಿ ಹಾಗೆ ಢಂ ಎಂದರೆ ಜನ ಬಿಯರನ್ನು ನೆನೆಯುವುದಿಲ್ಲ. ಗಂಡ ಹೆಂಡತಿ ಮಂಚದ ಕೆಳಗೆ ಹೊಕ್ಕರಂತೆ, ಬೀದಿಯ ದೀಪಗಳೆಲ್ಲ ಹತ್ತಿದವಂತೆ. ಬೆಳಿಗ್ಗೆ ನೋಡಿದರೆ ಗಾಜಿನ ಚೂರು ಛಾವಣಿಗೆ ನಟ್ಟಿತ್ತು. ಮಗು ಅಲ್ಲಿ ಸೈಕಲ್ಲು ಇಡುವ ಜಾಗ ಅದು. ದಪ್ಪ ಕೋಟು, ಹೆಲ್ಮೆಟ್ಟು ಹಾಕಿಕೊಂಡು ಹೋಗಿ ಉಳಿದ ಬಾಟಲಿಗಳ ಮುಚ್ಚಳ ಒಂದೊಂದಾಗಿ ಸಡಿಲಿಸಿದ.

ಆಮೇಲೆ ತಮ್ಮನ ಹೆಂಡತಿ ಆಡಳಿತ ಕೈಗೆ ತೆಗೆದುಕೊಂಡಳು. ಯೀಸ್ಟು ಬಿದ್ದು ಮುಚ್ಚಳ ಹಾಕುವವರೆಗೆ ಗ್ಯಾರೇಜಿನ ಫ್ರಿಜ್ಜಿಗೆ ಬೀಗ, ಕೀಲಿ ಆಕೆಯ ಹತ್ತಿರ. ಸಕ್ಕರೆಯ ಪೊಟ್ಟಣ ಒಂದೇ, ಅಳೆದು ಆಕೆಯೇ ಕೊಡುವುದು. ನಾನೂ ಕಾಲಿನಲ್ಲಿರುವಷ್ಟು ಹೊತ್ತು ಸೋಡಾ ಮಾತ್ರ ಕುಡಿಯಬೇಕೆಂದು ಹೇಳಿಕಳಿಸಿದಳು. ಟೆಕ್ಸಾಸಿನ ನಿಯಮ ಕಲಬುರಗಿಗೆ ಹೇಗೆ ಅನ್ವಯವಾಗುತ್ತದೆ ಎಂದು ನಾನು ನ್ಯಾಯಬದ್ಧವಾಗಿಯೇ ಕೇಳಿದೆ. ಮರು ಶನಿವಾರ ಆಕೆಯೇ ಫೋನು ಎತ್ತಿದಳು.

"ಭಾವಾರೇ, ಇನ್ಮ್ಯಾಲ ನೀವು ಟೈಮ್ ನೋಡಿ ತ್ರಾಸ್ ತಗೋಬ್ಯಾಡ್ರಿ. ನಮ್ಮ ಓವನ್ನಿಗೇ ಗಡಿಯಾರ ಅದ."

ಓವನ್ನು ಕುಡಿಯುವುದಿಲ್ಲ, ಅದರ ಕರೆಂಟು ಹೋಗುವುದಿಲ್ಲ ಎಂಬುದು ನಿಜ. ಅವರ ಬಿಯರು ಈಗ ಸರಿಯಾಗಿ ಬರುತ್ತಿದೆಯಂತೆ, ಅಂಕಿ ಸಮೇತ ಬರೆದಿಟ್ಟಿದ್ದಾರಂತೆ. ನನಗೂ ಕೆಲಸವಿಲ್ಲದೇ ಇಲ್ಲ. ಬೇಸಿಗೆಯ ಶನಿವಾರಗಳಂದು ಮಾಳಿಗೆಯ ಮೇಲೆ ಕುರುಡಗಿ ಕಾಯಲು ಅವ್ವ ನನ್ನನ್ನು ನೇಮಿಸಿದ್ದಾಳೆ. ಪಗಾರವಿಲ್ಲ. ಕಾಗೆ ಬಂದರೆ ಓಡಿಸಬೇಕು, ಸಂಜೆ ಧೋತರ ಮಡಚಿ ಇಳಿಸಬೇಕು. ಮೆಟ್ಟಿಲು ಹತ್ತುವ ಮೊದಲು, "ಇಲ್ಲಿ ಬಾ, ಬಾಯಿ ತಗಿ," ಎಂದು ನಿಲ್ಲಿಸುತ್ತಾಳೆ.