ಕೊಪ್ಪರಿಗೆ ಬೇಡ, ಡಬ್ಬಿ ಸಾಕು

ಶನಿವಾರ ಬೆಳಿಗ್ಗೆ ನಾನು ಶೂ ಹಾಕಿಕೊಳ್ಳಲು ಕೂತರೆ ಸಾಕು, ಹೆಂಡತಿಯ ಪ್ರಶ್ನೆ ಬಂದೇ ಬರುತ್ತದೆ. "ರೀ, ಹಾಲು ತರೋಕಾ, ಡಬ್ಬಿ ಹುಡುಕೋಕಾ?" ಎರಡಕ್ಕೂ ಅನ್ನುತ್ತೇನೆ. ಹಾಲು ಬರುತ್ತದೆ, ಸ್ವಲ್ಪ ತಡವಾಗಿ.

ಜಿಯೊಕ್ಯಾಶಿಂಗ್ ಅಂತ ಇದಕ್ಕೆ ಹೆಸರು. ಯಾರೋ ಒಂದು ಡಬ್ಬಿಯನ್ನು ಕಾಡಲ್ಲೋ ಪಾರ್ಕಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ನಾವು ಫೋನ್ ಹಿಡಿದು ಹೋಗಿ ಹುಡುಕುತ್ತೇವೆ. ಸಿಕ್ಕಿದರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ನಮ್ಮ ಅಡ್ಡಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೇವೆ. ಅಷ್ಟೇ. ಇಂಥ ಡಬ್ಬಿಗಳು ಪ್ರಪಂಚದಲ್ಲಿ ಮೂವತ್ತು ಲಕ್ಷದಷ್ಟಿವೆ!

ನಾನಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಈ ಹುಚ್ಚು ಹುಟ್ಟಿದ್ದೂ ಇಲ್ಲೇ ಪಕ್ಕದಲ್ಲಿ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಅನ್ನು ಬೇಕೆಂದೇ ಮಂಕು ಮಾಡಿ ಇಟ್ಟಿತ್ತು. ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಮೇ 2ಕ್ಕೆ ಅದನ್ನು ತೆಗೆದರು. ಮರುದಿನವೇ ಡೇವ್ ಉಲ್ಮರ್ ಎಂಬಾತ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್‌ಗೆ ಹಾಕಿಬಿಟ್ಟ. ಬಕೆಟ್ಟಿನೊಳಗೆ ಪುಸ್ತಕ, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬ ಬೇಯಿಸಿದ ಬೀನ್ಸ್! ಈಗ ಅಲ್ಲೊಂದು ಫಲಕ ಹಾಕಿದ್ದಾರೆ. ಬೇರೆಯವರು ತೀರ್ಥಯಾತ್ರೆಗೆ ಹೋಗುವಷ್ಟೇ ಭಕ್ತಿಯಿಂದ ನಾವು ಅಲ್ಲಿಗೆ ಹೋಗಿ ಬಂದಿದ್ದೇವೆ.

ಅಂಟು ಹಿಡಿಯುವುದು ಎಲ್ಲಿ ಗೊತ್ತಾ? ಕೊನೆಯ ಹತ್ತು ಮೀಟರ್‌ನಲ್ಲಿ. ಅಲ್ಲಿಯವರೆಗೆ ಫೋನ್ ದಾರಿ ತೋರಿಸುತ್ತದೆ, ಆಮೇಲೆ ಬಾಣ ಸುಮ್ನೆ ಗಿರಗಿರ ತಿರುಗುತ್ತದೆ. ದೊಡ್ಡ ಮರಗಳಡಿಯಲ್ಲಂತೂ ಕೇಳಲೇಬೇಡಿ. ಅಲ್ಲಿಂದ ಮುಂದೆ ನಮ್ಮ ಕಣ್ಣೇ ಗತಿ. ಪಾಚಿ ಹಿಡಿದ ಬೇಲಿಕಂಬ. ಅದರಲ್ಲಿ ನಾಲ್ಕು ಬೋಲ್ಟು. ಮೂರು ತುಕ್ಕು ಹಿಡಿದಿವೆ, ಒಂದು ಮಾತ್ರ ಹೊಳೆಯುತ್ತಿದೆ. ಅದನ್ನು ಹಿಡಿದು ಎಳೆದರೆ ಟಕ್ ಅಂತ ಕೈಗೆ ಬಂತು, ಹಿಂದೆ ಅಯಸ್ಕಾಂತ! ಒಳಗೆ ಬೀಡಿಗಿಂತ ಸಣ್ಣಗೆ ಸುತ್ತಿದ ಕಾಗದದ ಪಟ್ಟಿ. ಅದನ್ನು ಹೊರಗೆ ತೆಗೆಯಲು ಚಿಮುಟ ಬೇಕು. ಹೆಸರು ಬರೆದು ಮತ್ತೆ ಅಷ್ಟೇ ಬಿಗಿಯಾಗಿ ಸುತ್ತಿ ತುರುಕುವುದಿದೆಯಲ್ಲ, ಅದು ಹುಡುಕುವುದಕ್ಕಿಂತ ಕಷ್ಟದ ಕೆಲಸ. ಆ ಬೋಲ್ಟನ್ನು ಕೊರೆದು ಟೊಳ್ಳು ಮಾಡಿ ಅಲ್ಲಿಟ್ಟ ಅಪರಿಚಿತನ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಉಕ್ಕಿ ಬಂತು.

ಇಷ್ಟೆಲ್ಲ ನಡೆಯುವಾಗ ಯಾರಿಗೂ ಅನುಮಾನ ಬರಬಾರದು. ಆಟ ಗೊತ್ತಿಲ್ಲದ ದಾರಿಹೋಕರನ್ನು ನಾವು 'ಮಗಲ್' ಅನ್ನುತ್ತೇವೆ. ಮಗಲ್ ಬಂದರೆ ನನ್ನ ಮಗಳು ತಕ್ಷಣ ಕೂತು ಶೂ ಲೇಸ್ ಕಟ್ಟುತ್ತಾಳೆ, ಅವಳ ಶೂಗೆ ಲೇಸೇ ಇಲ್ಲದಿದ್ದರೂ. ನಾಯಿ ಹಿಡಿದು ಬಂದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡಿ, "ಇನ್ನೂ ಸ್ವಲ್ಪ ಎಡಕ್ಕೆ ಹುಡುಕಿ" ಅಂತ ಹೇಳಿ ನಗುತ್ತಾ ಹೋದರು. ಅವರೂ ನಮ್ಮವರೇ!

ತುಮಕೂರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಾರೆ, "ಕೊಪ್ಪರಿಗೆ ಏನಾದ್ರೂ ಸಿಕ್ತೇನಪ್ಪಾ?" ಇಲ್ಲಮ್ಮ, ಒಂದು ಗೋಲಿ, ಒಂದು ಪ್ಲಾಸ್ಟಿಕ್ ಡೈನೋಸಾರ್. ಅದರಲ್ಲೂ ಏನಾದರೂ ತಗೊಂಡರೆ ಅಷ್ಟೇ ಬೆಲೆಯದ್ದೋ, ಜಾಸ್ತಿ ಬೆಲೆಯದ್ದೋ ಇಟ್ಟು ಬರಬೇಕು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದೇ ಇದು. ನಮ್ಮ ಕಡೆ ನಿಧಿ ಅಂದರೆ ಹಾರೆ, ಗುದ್ದಲಿ, ಅಮಾವಾಸ್ಯೆ ರಾತ್ರಿ. ಪಾಳು ಗುಡಿಗಳ ನಂದಿ ಒಡೆದು ಹಾಕುತ್ತಾರೆ, ವೀರಗಲ್ಲಿನ ಬುಡ ಅಗೆಯುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಯಾಸೆಗೆ ಕೆಡವಿದ್ದರು. ಆ ಫೋಟೊ ನೋಡಿದ ದಿನ ನನಗೆ ಊಟ ಸೇರಿರಲಿಲ್ಲ. ಈ ಆಟದಲ್ಲಿ ಜಾಗದ ಮಾಲೀಕರು ಒಪ್ಪದೆ ನೆಲ ಅಗೆಯುವಂತೆಯೇ ಇಲ್ಲ. ಇಡುವವರೂ ಹೂಳಬಾರದು, ಹುಡುಕುವವರೂ ತೋಡಬಾರದು. ಹುಡುಕಲು ಸರಿಸಿದ ಕಲ್ಲನ್ನು ವಾಪಸ್ ಇಡಬೇಕು. ದಾರಿಯಲ್ಲಿ ಕಸ ಕಂಡರೆ ಹೆಕ್ಕಿಕೊಂಡು ಬರುವ ರೂಢಿಯೂ ಇದೆ. ನಮ್ಮ ಕಾರಿನಲ್ಲಿ ಅದಕ್ಕೇ ಒಂದು ಚೀಲ ಇಟ್ಟಿದ್ದೇವೆ. ನಿಧಿ ಹುಡುಕುವ ಆಸೆ ಮನುಷ್ಯನಿಗೆ ಇದ್ದೇ ಇರುತ್ತೆ, ಅಲ್ವಾ? ಅದನ್ನು ಇಷ್ಟು ಚೆಂದವಾಗಿ ತೀರಿಸಿಕೊಳ್ಳಬಹುದು ಅಂತ ನಮ್ಮ ಮಕ್ಕಳಿಗೆ ತೋರಿಸಬೇಕು ಅನ್ನೋದು ನನ್ನ ಆಸೆ.

ಡಿಸೆಂಬರ್‌ಗೆ ಊರಿಗೆ ಬರುತ್ತಿದ್ದೇವೆ. ಬೆಂಗಳೂರಿನಲ್ಲೂ ಡಬ್ಬಿಗಳಿವೆ, ಆ್ಯಪ್‌ನಲ್ಲಿ ನೋಡಿ ಗುರುತು ಹಾಕಿಕೊಂಡಿದ್ದೇನೆ. ಅಮ್ಮನೂ ಬರುತ್ತಾರಂತೆ, ಮಂಡಿ ನೋವು, ಜಾಸ್ತಿ ಮೆಟ್ಟಿಲು ಇರಬಾರದು ಅಷ್ಟೇ. ಇದನ್ನು ಓದುವವರಲ್ಲಿ ಯಾರಾದರೂ ಅಲ್ಲಿ ಹುಡುಕಿದವರಿದ್ದರೆ ಒಳ್ಳೆಯ ಜಾಗ ಹೇಳಿ, ಜೊತೆಗೆ ಬಂದರೆ ಇನ್ನೂ ಖುಷಿ. ಪೆನ್ನು, ಚಿಮುಟ ಎರಡೂ ನಾನೇ ತರುತ್ತೇನೆ.